ಊರ ಶಾಲೆಯೂ ಒಂದು ಮಠವೇ

ಮಗುವಿಗೆ ಐದು ವರ್ಷ ತುಂಬಿತೆಂದರೆ ಹಿಂದಿನ ಕಾಲದ ಮನೆಗಳಲ್ಲಿ ಹಿರಿಯರು ‘ಇನ್ನು ಇವನನ್ನು ಮಠಕ್ಕೆ ಹಾಕಬೇಕು’ ಎನ್ನುತ್ತಿದ್ದರು. ಮಠಕ್ಕೆ ಹಾಕುವುದೆಂದರೆ ಸಂನ್ಯಾಸಕ್ಕೆ ಕಳುಹಿಸುವುದೆಂದಲ್ಲ, ಅಕ್ಷರ ಕಲಿಯಲು ಕಳುಹಿಸುವುದೆಂದು ಅರ್ಥ. ನಮ್ಮ ನಾಡಿನ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಇದ್ದದ್ದು ಕೂಲಿಮಠಗಳು, ಐಗಳ ಮಠಗಳು. ಊರ ಗುಡಿಯ ಜಗುಲಿಯೋ, ಮಠದ ಪಡಸಾಲೆಯೋ ಪಾಠಶಾಲೆಯಾಗುತ್ತಿತ್ತು. ಐಗಳು ಮಕ್ಕಳ ಕೈಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು, ಲೆಕ್ಕ ಹೇಳಿಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಊರವರು ಸುಗ್ಗಿಯಲ್ಲಿ ಜೋಳವನ್ನೋ ರಾಗಿಯನ್ನೋ ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣು ಮಕ್ಕಳಿಗೂ ಅಲ್ಲಿ ಬಾಗಿಲು ತೆರೆದಿರಲಿಲ್ಲ. ಆದರೆ ಅಲ್ಲಿ ಒಂದು ದೊಡ್ಡ ಗುಣವಿತ್ತು. ಕಲಿಸುವವನು ಊರಿನ ಕಣ್ಣೆದುರಿಗೇ ಇರುತ್ತಿದ್ದನು, ಊರು ಅವನನ್ನು ನಂಬುತ್ತಿತ್ತು, ಆ ನಂಬಿಕೆಗೆ ಚ್ಯುತಿ ಬಾರದಂತೆ ಅವನೂ ನಡೆದುಕೊಳ್ಳುತ್ತಿದ್ದನು.

ಇಂದು ಆ ಕೂಲಿಮಠದ ಸ್ಥಾನದಲ್ಲಿ ನಿಂತಿರುವುದು ಸರ್ಕಾರಿ ಶಾಲೆ. ಕೂಲಿಮಠಕ್ಕಿಂತ ಅದು ದೊಡ್ಡದು. ಅದರ ಬಾಗಿಲಿನಲ್ಲಿ ಕುಲ ಕೇಳುವಂತಿಲ್ಲ, ಲಿಂಗಭೇದವಿಲ್ಲ, ಹಣ ಕೇಳುವಂತಿಲ್ಲ. ಶರಣರು ಹನ್ನೆರಡನೆಯ ಶತಮಾನದಲ್ಲಿ ಕಂಡ ಕನಸಿಗೆ ನಮ್ಮ ಕಾಲದಲ್ಲಿ ಯಾವುದಾದರೂ ಸಂಸ್ಥೆ ಹತ್ತಿರವಾಗಿದ್ದರೆ ಅದು ಊರಿನ ಸರ್ಕಾರಿ ಶಾಲೆಯೇ. ಅಂಥ ಶಾಲೆ ಸೊರಗುತ್ತಿರುವಾಗ ಮಠಾಧೀಶರಾದವರು ‘ಅದು ಸರ್ಕಾರದ ವಿಷಯ, ನಮಗೇಕೆ?’ ಎಂದು ಸುಮ್ಮನೆ ಕೂರುವುದು ತರವಲ್ಲ.

ಹಿರಿಯರು ನಡೆದ ದಾರಿ

ಶಿಕ್ಷಣದ ಕೆಲಸ ನಮ್ಮ ಪರಂಪರೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಬೆಳಗಾವಿಯ ಭಾಗದಲ್ಲಿ ಕನ್ನಡ ಮಕ್ಕಳು ಪರಭಾಷೆಯ ಶಾಲೆಗೆ ಹೋಗಬೇಕಾಗಿದ್ದ ಹೊತ್ತಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಕನ್ನಡ ಶಾಲೆಗಳಿಗಾಗಿ ದುಡಿದರು. ಬದುಕಿದ್ದು 1834ರಿಂದ 1881ರವರೆಗೆ, ಐವತ್ತು ವರ್ಷವೂ ತುಂಬಲಿಲ್ಲ. ಆದರೂ ಇಂದಿಗೂ ಅವರ ಹೆಸರಿನ ಹಿಂದೆ ಜನ ಆ ಹುದ್ದೆಯನ್ನು ಗೌರವದಿಂದ ಸೇರಿಸಿ ಹೇಳುತ್ತಾರೆ. ಸರ್ಕಾರಿ ಅಧಿಕಾರಿಯೊಬ್ಬನ ಹುದ್ದೆಯೇ ಬಿರುದಾಗಿ ಉಳಿಯಬೇಕಾದರೆ ಆ ಕೆಲಸ ಎಷ್ಟು ಶುದ್ಧವಾಗಿದ್ದಿರಬೇಕು!

ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟು ಹೋದರು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬದಾಮಿಯ ಬಳಿ ಶಿವಯೋಗ ಮಂದಿರವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಹುಟ್ಟುಹಾಕಿದವರು ಸಾಹುಕಾರರಲ್ಲ, ಏಳು ಮಂದಿ ತರುಣ ಶಿಕ್ಷಕರು. ಇನ್ನು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. 1930ರಲ್ಲಿ ದೀಕ್ಷೆ ಪಡೆದ ಅವರು 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆಸಿದರು. ಜೋಳಿಗೆ ಹಿಡಿದು ಹಳ್ಳಿಗಳಿಗೆ ಹೋದರೆ ರೈತ ತನ್ನ ಕಣದ ಮೊದಲ ರಾಶಿಯಿಂದ ತೆಗೆದು ಹಾಕುತ್ತಿದ್ದನು. ಕೊಟ್ಟ ಕಾಳು ಮಗುವಿನ ಹೊಟ್ಟೆಗೆ ಹೋಗುತ್ತದೆಯೇ ಹೊರತು ಬೇರೆಲ್ಲಿಗೂ ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಜೋಳಿಗೆ ತುಂಬಿದ್ದು ಆ ನಂಬಿಕೆಯಿಂದ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಹೇಳುವುದೆಲ್ಲ ಇದನ್ನೇ ಅವಲಂಬಿಸಿದೆ.

ಬಡಾವಣೆಯೊಳಗಿನ ಹಳ್ಳಿ

ಪಾದಪೂಜೆಯ ನಿಮಿತ್ತ ನಾವು ಬೆಂಗಳೂರಿನ ದಕ್ಷಿಣದ ಬಡಾವಣೆಗಳಿಗೆ ಹೋಗುವುದುಂಟು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಂದರೆ ಹಳ್ಳಿಯ ಹಿರಿಯರಿಗೆ ದೂರದ ಐಶ್ವರ್ಯದ ಲೋಕವೆಂದು ತೋರುತ್ತದೆ. ಸ್ವಲ್ಪ ಕೆರೆದು ನೋಡಿದರೆ ಒಳಗಿರುವುದೆಲ್ಲ ಹಳ್ಳಿಗಳೇ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಸುತ್ತಲೂ ಇದ್ದದ್ದು ಹೊಲ, ತೋಟ, ಕೆರೆಗಳು. ಸಿದ್ದಾಪುರ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಕದಿರೇನಹಳ್ಳಿ, ಕತ್ರಿಗುಪ್ಪೆಗಳು ಅಂದಿನ ಊರುಗಳು. ಬಿ.ಟಿ.ಎಂ. ಎಂಬ ಹೆಸರು ಕೂಡ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ. ಬಡಾವಣೆ ಬೆಳೆಯಿತು, ಊರು ಓಣಿಯಾಗಿ ಉಳಿಯಿತು. ಅಂಥ ಹಳೆಯ ಊರುಗಳ ಮಗ್ಗುಲಲ್ಲೇ ಇಂದಿಗೂ ಸರ್ಕಾರಿ ಶಾಲೆಗಳಿವೆ.

ಆ ಶಾಲೆಗಳಲ್ಲಿ ಓದುವವರು ಯಾರು? ಮುಖ್ಯರಸ್ತೆಯ ಮಹಡಿ ಮನೆಗಳ ಮಕ್ಕಳಲ್ಲ. ಆ ಮಹಡಿಗಳನ್ನು ಕಟ್ಟಿದವರ ಮಕ್ಕಳು. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಗುಳೆ ಬಂದ ಗಾರೆ ಕೆಲಸದವರ, ಮನೆಗೆಲಸದ ತಾಯಂದಿರ, ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರ, ಆಟೋ ಓಡಿಸುವವರ ಮಕ್ಕಳು. ಆದುದರಿಂದ ಈ ಅಂಕಣವನ್ನು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಓದುವ ಹಿರಿಯರು ‘ಬೆಂಗಳೂರಿನ ಶಾಲೆಯ ಚಿಂತೆ ನಮಗೇಕೆ?’ ಎನ್ನಬಾರದು. ಆ ಬೆಂಚಿನ ಮೇಲೆ ಕುಳಿತಿರುವುದು ನಿಮ್ಮ ಓಣಿಯ ಕೂಸೇ ಇರಬಹುದು.

ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನಾಲ್ಕನೆಯ ಒಂದು ಪಾಲು ಸೀಟು ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ನಮ್ಮ ರಾಜ್ಯದಲ್ಲಿ 2019-20ರಿಂದ ನಿಯಮ ಬದಲಾಗಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೌಲಭ್ಯ ಖಾಸಗಿ ಶಾಲೆಯಲ್ಲಿ ದೊರೆಯದಂತಾಯಿತು. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಸಲ್ಲಲಿ ಎಂಬ ವಾದದಲ್ಲಿ ತಿರುಳಿದೆ. ಆದರೆ ಬಡವನಿಗೆ ‘ನೀನು ಇಲ್ಲಿಗೇ ಬರಬೇಕು’ ಎಂದು ಹೇಳಿದ ಮೇಲೆ ‘ಇಲ್ಲಿ’ ಎಂಬುದನ್ನು ಚೆನ್ನಾಗಿಡುವ ಋಣವೂ ಹೇಳಿದವರ ಮೇಲೆ ಬೀಳುತ್ತದೆ.

ಶಾಲೆ ಸೊರಗಿದ್ದು ಹೇಗೆ?

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಕಲಿಸಲು ಬಾರದು ಎಂಬುದು ತಪ್ಪು ಮಾತು. ತರಬೇತಿ ಪಡೆದು, ಅರ್ಹತಾ ಪರೀಕ್ಷೆ ಬರೆದು, ಸ್ಪರ್ಧೆಯಲ್ಲಿ ಗೆದ್ದು ಬಂದವರು ಅವರು. ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು. ಆದರೆ ಒಟ್ಟು ಲೆಕ್ಕದಲ್ಲಿ ಸರಿತೂಗುವ ಸಂಖ್ಯೆ ಊರೂರಿನಲ್ಲಿ ಸರಿತೂಗುವುದಿಲ್ಲ. ಒಂದೆಡೆ ಖಾಲಿ ಹುದ್ದೆ, ಇನ್ನೊಂದೆಡೆ ಅತಿಥಿ ಶಿಕ್ಷಕರು, ಮತ್ತೊಂದೆಡೆ ಒಬ್ಬರೇ ಮೂರು ತರಗತಿಯನ್ನು ಕೂರಿಸಿಕೊಂಡು ಪಾಠ ಮಾಡುವ ಪರಿಸ್ಥಿತಿ. ಅದರ ಮೇಲೆ ಗಣತಿ, ಸಮೀಕ್ಷೆ, ಚುನಾವಣೆ ಕೆಲಸಗಳೂ ಅವರ ತಲೆಗೇ ಬರುತ್ತವೆ.

ಇದಕ್ಕಿಂತ ಆಳವಾದ ಕಾರಣವೊಂದಿದೆ. ಊರಿನಲ್ಲಿ ಮಾತು ನಡೆಯುವವರು, ಅಂದರೆ ಜಮೀನುದಾರರು, ನೌಕರರು, ಪಂಚಾಯಿತಿ ಸದಸ್ಯರು, ಸ್ವತಃ ಶಿಕ್ಷಕರು, ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದರು. ಮಾಡು ಸೋರಿದರೆ ಕೇಳುವ ಧೈರ್ಯವಿದ್ದವರು ಹೊರಟುಹೋದರು, ಕೇಳಿದರೆ ಕೂಲಿ ತಪ್ಪುತ್ತದೆಂದು ಹೆದರುವವರು ಉಳಿದರು. ಕೇಳುವವರಿಲ್ಲದ ಕಡೆ ಕೆಲಸ ಸಡಿಲವಾಗುತ್ತದೆ, ಸಡಿಲವಾದದ್ದನ್ನು ನೋಡಿ ಮತ್ತಷ್ಟು ಜನ ಬಿಡಿಸುತ್ತಾರೆ, ಮಕ್ಕಳ ಸಂಖ್ಯೆ ಇಳಿಯಿತೆಂದು ಶಾಲೆಯನ್ನೇ ಪಕ್ಕದೂರಿಗೆ ವಿಲೀನ ಮಾಡುವ ಮಾತು ಬರುತ್ತದೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತಾಗುತ್ತದೆ.

ಇತ್ತ ಊರು ಬಿಟ್ಟು ನಗರ ಸೇರಿದ ಮಗ ಮೊಮ್ಮಗನ ಸೀಟಿಗೆಂದು ಹಣ ಕೇಳುತ್ತಾನೆ. ಅಜ್ಜ ಅಡಿಕೆಯನ್ನೋ ಹೊಲದ ತುಂಡನ್ನೋ ಮಾರಿ ಕೊಡುತ್ತಾನೆ. ತನ್ನೂರಿನ ಶಾಲೆಯ ಕಿಟಕಿಗೆ ಬಾಗಿಲು ಹಾಕಿಸಲು ನೂರು ರೂಪಾಯಿ ಕೇಳಿದರೆ ಅದೇ ಅಜ್ಜ ‘ಸರ್ಕಾರ ಮಾಡಲಿ’ ಎನ್ನುತ್ತಾನೆ. ಇದನ್ನು ಹೇಳಲು ನಮಗೆ ಸಂತೋಷವಿಲ್ಲ.

ಲಕ್ಕಮ್ಮನ ತಕ್ಕಡಿ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಕದ್ದು ತಂದದ್ದಲ್ಲ, ಬಿದ್ದಿದ್ದನ್ನೇ ಆಯ್ದು ತಂದದ್ದು. ಆದರೂ ಲಕ್ಕಮ್ಮ ಅದನ್ನು ಒಲೆಯ ಹತ್ತಿರ ತರಲು ಬಿಡಲಿಲ್ಲ. ಇಂದಿಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಕದಿಯಬಾರದು ಎಂಬುದು ಸಾಮಾನ್ಯರ ನೀತಿ. ತನ್ನ ಪಾಲಿಗಿಂತ ಹೆಚ್ಚಾಗಿ ಬಂದದ್ದೂ ಕಳವಿಗೆ ಸಮ ಎಂಬುದು ಲಕ್ಕಮ್ಮನ ನೀತಿ.

ಈ ತಕ್ಕಡಿಯಲ್ಲಿ ಇಂದಿನ ವ್ಯವಹಾರಗಳನ್ನು ತೂಗಿ ನೋಡೋಣ. ಒಂದು ಶಾಲಾ ಕೊಠಡಿಗೆ ಹಣ ಮಂಜೂರಾಗುತ್ತದೆ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಒಂದೊಂದು ಕೈ ಒಂದೊಂದು ಹಿಡಿ ತೆಗೆದುಕೊಂಡರೆ, ಕೊನೆಗೆ ಕಡಿಮೆಯಾಗುವುದು ಸಿಮೆಂಟು, ಕಬ್ಬಿಣ. ಕಾಮಗಾರಿಗಳಲ್ಲಿ ಶೇಕಡಾ 40ರಷ್ಟು ಕಮಿಷನ್ ಕೇಳಲಾಗುತ್ತಿದೆ ಎಂದು ಗುತ್ತಿಗೆದಾರರ ಸಂಘದವರೇ ಬಹಿರಂಗವಾಗಿ ದೂರಿದ್ದು, ಮಠಗಳಿಗೆ ಬರುವ ಅನುದಾನದಲ್ಲಿಯೂ ಕಡಿತವಾಗುತ್ತಿದೆ ಎಂಬ ಆರೋಪ 2022ರಲ್ಲಿ ಮಠಾಧೀಶರೊಬ್ಬರ ಬಾಯಿಂದಲೇ ಬಂದದ್ದು ನಾಡಿಗೆ ತಿಳಿದಿದೆ. ಅದೇ ವರ್ಷ, 2014-15ರ ಸಾಲಿನ ಪ್ರೌಢಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಅಕ್ರಮ ನಡೆದಿದೆಯೆಂಬ ಪ್ರಕರಣದಲ್ಲಿ ಸಿ.ಐ.ಡಿ.ಯವರು ಹಲವು ಶಿಕ್ಷಕರನ್ನು ಬಂಧಿಸಿದರು. ಯಾರು ತಪ್ಪಿತಸ್ಥರು, ಯಾರು ಅಲ್ಲ ಎಂಬುದನ್ನು ನ್ಯಾಯಾಲಯ ಹೇಳಬೇಕು, ನಾವಲ್ಲ. ಆದರೆ ಒಂದು ಮಾತನ್ನು ಹೇಳಬಹುದು. ವಾಮಮಾರ್ಗದಿಂದ ಒಳಗೆ ಬಂದವನು ಮಕ್ಕಳಿಗೆ ಸತ್ಯದ ಪಾಠವನ್ನು ಯಾವ ಬಾಯಿಂದ ಹೇಳಿಯಾನು? ಮಗು ಪುಸ್ತಕಕ್ಕಿಂತ ಮೊದಲು ಗುರುವನ್ನು ಓದುತ್ತದೆ, ಗೋಡೆಯ ಬಿರುಕನ್ನೂ ಓದುತ್ತದೆ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ ಅವರು ಅರಮನೆಯ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಲೆಕ್ಕ ನೋಡಿದಾಗ ಭಂಡಾರದಲ್ಲಿ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಲೆಕ್ಕ ಕೇಳಿದ್ದಕ್ಕೆ ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ, ‘ನನ್ನ ಕುಲಕ್ಕೆ ಅವಮಾನವಾಯಿತು’ ಎಂದು ಜನರನ್ನು ಎತ್ತಿಕಟ್ಟಲಿಲ್ಲ. ಲೆಕ್ಕ ತೋರಿಸಿದರು. ಸಾರ್ವಜನಿಕ ಹಣ ಮುಟ್ಟುವವನ ನಡತೆ ಹೀಗಿರಬೇಕು.

ಪಂಚಾಚಾರದ ಬೆಳಕಿನಲ್ಲಿ ರಾಜಕಾರಣ

ವೀರಶೈವ ಧರ್ಮಕ್ಕೆ ಅಷ್ಟಾವರಣಗಳು ಅಂಗವಾದರೆ ಪಂಚಾಚಾರಗಳು ಪ್ರಾಣ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಈ ಐದನ್ನು ಪೂಜಾಗೃಹದ ಒಳಗಷ್ಟೇ ಪಾಲಿಸುವುದೆಂದು ಯಾರೂ ಹೇಳಿಲ್ಲ. ಸದಾಚಾರವೆಂದರೆ ನ್ಯಾಯದಿಂದ ಗಳಿಸಿ ಹಂಚಿ ಉಣ್ಣುವುದು. ಗಣಾಚಾರವೆಂದರೆ ಅನ್ಯಾಯವನ್ನು ಕಂಡು ಸಹಿಸಿ ಸುಮ್ಮನಿರದಿರುವುದು. ಭೃತ್ಯಾಚಾರವೆಂದರೆ ತಾನು ಎಲ್ಲರಿಗಿಂತ ಕಿರಿಯನು, ಸೇವಕನು ಎಂಬ ಭಾವದಿಂದ ನಡೆಯುವುದು. ಶಾಸಕ, ಮಂತ್ರಿ, ಅಧಿಕಾರಿಗಳಿಗೆ ಈ ಮೂರು ಸಾಕು. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮೇಲೆ ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕೆತ್ತಿಸಿದ್ದು ಭೃತ್ಯಾಚಾರದ ಮಾತೇ. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಅಧಿಕಾರ ಕಳೆದ ಮೇಲೆ ಚಿತ್ರದುರ್ಗದಲ್ಲಿ ಸರಳವಾಗಿ ಬಾಳಿ 2000ದಲ್ಲಿ ತೀರಿಕೊಂಡರು.

ಇದೇ ದಕ್ಷಿಣ ಬೆಂಗಳೂರಿನಲ್ಲಿ ಡಾ. ಎಚ್. ನರಸಿಂಹಯ್ಯನವರಿದ್ದರು. ಗೌರಿಬಿದನೂರಿನ ಹೊಸೂರಿನ ಬಡ ಹುಡುಗ ಓದಲೆಂದು ಬೆಂಗಳೂರಿಗೆ ನಡೆದುಕೊಂಡೇ ಬಂದು, ಬಸವನಗುಡಿಯ ನ್ಯಾಷನಲ್ ಸಂಸ್ಥೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು. ಅವರು ವಿಚಾರವಾದಿಗಳು, ಪವಾಡಗಳನ್ನು ಪ್ರಶ್ನಿಸಿದವರು, ಮಠಮಾನ್ಯಗಳ ಅನೇಕ ಆಚರಣೆಗಳನ್ನು ಒಪ್ಪದವರು. ಆದರೂ ಹೇಳುತ್ತೇವೆ, ದೇವರನ್ನು ನಂಬಿದ ನಮ್ಮಲ್ಲಿ ಎಷ್ಟು ಜನರ ಬದುಕು ಅವರದರಷ್ಟು ಶುದ್ಧವಾಗಿದೆ?

ಹದಿನಾರು ಮತಗಳ ಪಾಠ

ನಾಯಕರನ್ನು ಬಯ್ಯುವುದು ಸುಲಭ. ನಾಯಕನನ್ನು ಕಳುಹಿಸಿದವರು ನಾವೇ ಅಲ್ಲವೇ? 2023ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜಯನಗರ ಕ್ಷೇತ್ರದ ಫಲಿತಾಂಶ ಮರು ಎಣಿಕೆಯ ಬಳಿಕ ನಿರ್ಧಾರವಾದದ್ದು ಕೇವಲ 16 ಮತಗಳಿಂದ. ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿಯ ವಿಷಯವಲ್ಲ. ವಿದ್ಯಾವಂತರ ಆ ಬಡಾವಣೆಗಳಲ್ಲಿ ಮತದ ದಿನ ಮನೆಯಲ್ಲೇ ಉಳಿದವರು ಸಾವಿರಾರು ಮಂದಿ, ನಿರ್ಣಯವಾದದ್ದು ಒಂದು ಮನೆತನದಷ್ಟು ಮತಗಳಿಂದ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮತದಾನ ಶೇಕಡಾ 53ರ ಆಸುಪಾಸಿನಲ್ಲೇ ನಿಂತಿತು. ಇತ್ತ ಹಳ್ಳಿಗಳಲ್ಲಿ ಮತದಾನವೇನೋ ಜೋರಾಗಿಯೇ ಆಗುತ್ತದೆ. ಆದರೆ ಹಿಂದಿನ ರಾತ್ರಿ ನಡೆಯುವ ವ್ಯವಹಾರ ಯಾರಿಗೆ ತಿಳಿಯದು? ಸೀರೆ, ಕುಕ್ಕರು, ಲಕೋಟೆ. ಕೊಟ್ಟವನು ಅದನ್ನು ದಾನವೆಂದು ಬರೆದುಕೊಳ್ಳುವುದಿಲ್ಲ, ಬಂಡವಾಳವೆಂದು ಬರೆದುಕೊಳ್ಳುತ್ತಾನೆ. ಐದು ವರ್ಷದಲ್ಲಿ ಅದು ಬಡ್ಡಿಸಹಿತ ವಸೂಲಾಗುವುದು ಶಾಲೆಯ ಮಾಡಿನಿಂದ, ಆಸ್ಪತ್ರೆಯ ಔಷಧಿಯಿಂದ, ಊರ ರಸ್ತೆಯಿಂದ. ಲಕ್ಕಮ್ಮನಂಥ ಒಬ್ಬ ತಾಯಿ ಪ್ರತಿ ಮನೆಯಲ್ಲೂ ಇದ್ದು ‘ಇದು ನಮ್ಮ ಪಾಲಿನದಲ್ಲ, ಹಿಂದಕ್ಕೆ ಕೊಟ್ಟು ಬನ್ನಿ’ ಎಂದರೆ ರಾಜಕಾರಣ ತಾನಾಗಿಯೇ ಸರಿಯಾಗುತ್ತದೆ.

ಇನ್ನೊಂದು ರೋಗ ‘ನಮ್ಮವನು’ ಎಂಬುದು. ನಮ್ಮ ಜಾತಿಯವನೆಂದು ಮತ ಹಾಕುತ್ತೇವೆ, ನಮ್ಮ ಜಾತಿಯವನ ಮೇಲೆ ಆರೋಪ ಬಂದರೆ ಗುಂಪು ಕಟ್ಟುತ್ತೇವೆ. ಅಧಿಕಾರದ ಕುರ್ಚಿಯ ಉಳಿವಿಗಾಗಿ ಕಾವಿಧಾರಿಗಳು ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡು ಕಂಡಿದೆ. ಮಠಾಧೀಶರು ರಾಜಕಾರಣಿಗಳಿಗೆ ಹಿತ ಹೇಳಬಾರದೆಂದಲ್ಲ, ಹೇಳಲೇಬೇಕು. ಆದರೆ ಗುರುವಿನ ಮಾತು ನ್ಯಾಯದ ಪರವಾಗಿರಬೇಕೇ ಹೊರತು ವ್ಯಕ್ತಿಯ ಪರವಾಗಿ ಅಲ್ಲ. 1984ರ ಕಾಯ್ದೆಯಿಂದ ಬಂದ ಲೋಕಾಯುಕ್ತ ಸಂಸ್ಥೆಯ ಹಲ್ಲು ಕಿತ್ತು 2016ರಲ್ಲಿ ಬೇರೊಂದು ದಳವನ್ನು ರಚಿಸಿದಾಗ, ಅದನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟು ರದ್ದುಪಡಿಸುವವರೆಗೆ, ಎಷ್ಟು ಮಠಗಳಿಂದ ದನಿ ಕೇಳಿಬಂತು? ಗಣಾಚಾರಕ್ಕೆ ಅದು ತಕ್ಕ ಸಮಯವಾಗಿತ್ತು.

ಪ್ರಾಮಾಣಿಕತೆ ಸಾಧ್ಯವೇ ಇಲ್ಲವೆಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ. ಹಿಂದೆ ಶಿಕ್ಷಕರ ವರ್ಗಾವಣೆಯೆಂದರೆ ಶಿಫಾರಸು ಪತ್ರಗಳ ಸುಗ್ಗಿ. 2007ರಲ್ಲಿ ವರ್ಗಾವಣೆ ಕಾಯ್ದೆ ಬಂದು, ಕೌನ್ಸೆಲಿಂಗ್ ಮೂಲಕ ಸೇವೆಯ ಹಿರಿತನ ನೋಡಿ ಎಲ್ಲರೆದುರಿಗೆ ಸ್ಥಳ ಆರಿಸಿಕೊಳ್ಳುವ ಪದ್ಧತಿ ಬಂದ ಮೇಲೆ ದಲ್ಲಾಳಿಗಳ ಆಟ ಬಹಳಷ್ಟು ನಿಂತಿತು. ಎಲ್ಲವೂ ಕಣ್ಣೆದುರಿಗೆ ನಡೆದರೆ ಕಳ್ಳತನಕ್ಕೆ ಜಾಗ ಕಡಿಮೆ. ಈಗಲೂ ಕೆಲ ಭಕ್ತರು ‘ಬುದ್ಧಿ, ಮಗಳನ್ನು ಬೆಂಗಳೂರಿಗೆ ಹಾಕಿಸಿಕೊಡಲು ಮಂತ್ರಿಗಳಿಗೆ ಒಂದು ಪತ್ರ ಕೊಡಿ’ ಎಂದು ನಮ್ಮಲ್ಲಿಗೆ ಬರುವುದುಂಟು. ಅಂಥ ಪತ್ರ ನಾವು ಕೊಡುವುದಿಲ್ಲ. ಮುನಿಸಿಕೊಂಡು ಮಠಕ್ಕೆ ಬರುವುದನ್ನೇ ಬಿಟ್ಟವರೂ ಇದ್ದಾರೆ. ಒಬ್ಬರಿಗೆ ಪತ್ರ ಕೊಟ್ಟರೆ ಒಂದು ಹಳ್ಳಿಯ ಶಾಲೆಯ ದೀಪ ಆರುತ್ತದೆ, ಸರದಿಯಲ್ಲಿ ಹತ್ತು ವರ್ಷ ಕಾದ ಇನ್ನೊಬ್ಬ ಹೆಣ್ಣುಮಗಳ ಪಾಲು ಕದ್ದಂತಾಗುತ್ತದೆ. ಕಾಣಿಕೆ ಕಡಿಮೆಯಾದರೆ ಚಿಂತೆಯಿಲ್ಲ.

ಭಕ್ತರು ಮಾಡಬಹುದಾದದ್ದು

ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಶಿಕ್ಷಣ ಹಕ್ಕು ಕಾಯ್ದೆಯೂ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಕೂಲಿಮಠದ ಕಾಲದಲ್ಲಿ ಊರಿಗೆ ಶಾಲೆಯ ಮೇಲಿದ್ದ ಕಣ್ಣನ್ನು ಕಾನೂನು ಮರಳಿ ಕೊಟ್ಟಿದೆ. ಆದರೆ ಎಷ್ಟೋ ಕಡೆ ಸಮಿತಿಯೆಂದರೆ ಅಧ್ಯಕ್ಷರ ಸಹಿಯೊಂದೇ. ಊರಿನ ಹಿರಿಯರು ಪೋಷಕರಲ್ಲದಿದ್ದರೂ ಪೋಷಕರ ಬೆನ್ನಿಗೆ ನಿಲ್ಲಬಹುದು. ಸಭೆ ನಡೆಯಿತೇ, ಹಣ ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಕೇಳಬಹುದು. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೊಠಡಿಯ ಅಂದಾಜುಪಟ್ಟಿಯನ್ನೂ ಬಿಲ್ಲನ್ನೂ ಪಡೆಯಬಹುದು. ಕೇಳುವುದು ಜಗಳವಲ್ಲ, ಅದು ಗಣಾಚಾರ.

ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯ ಇಟ್ಟ ಹೆಸರು ಅಕ್ಷರ ದಾಸೋಹ. 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2013ರಿಂದ ಹಾಲೂ ಸೇರಿತು. ದಾಸೋಹ ಎಂಬುದು ಶರಣರ ಮಾತು. ‘ನಾನು ಕೊಡುತ್ತಿದ್ದೇನೆ’ ಎಂಬ ಹಮ್ಮಿಲ್ಲದೆ ‘ನಾನು ದಾಸ’ ಎಂದು ಕೊಡುವುದು. ಆ ಹೆಸರಿನ ಅಕ್ಕಿಯಲ್ಲಿ, ಬೇಳೆಯಲ್ಲಿ ಕೈಯಾಡಿಸುವವನು ಮಠದ ಪ್ರಸಾದಕ್ಕೆ ಕೈಯಿಟ್ಟಂತೆ. ವಾರಕ್ಕೊಮ್ಮೆ ಊರಿನ ಇಬ್ಬರು ಹಿರಿಯರು ಶಾಲೆಗೆ ಹೋಗಿ ಮಕ್ಕಳ ಪಂಕ್ತಿಯಲ್ಲಿ ಕುಳಿತು ಉಂಡು ಬರಲಿ. ಅಡುಗೆ ಮಾಡುವ ತಾಯಂದಿರಿಗೆ ಅದು ಗೌರವ, ಅಕ್ಕಿಗೆ ಅದು ಕಾವಲು.

ಜಯನಗರ, ಬನಶಂಕರಿಯ ಭಕ್ತರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಹಳ್ಳಿಯ ಕನ್ನಡ ಶಾಲೆಯಲ್ಲೇ ಓದಿ ಮುಂದೆ ಬಂದವರು. ನಿವೃತ್ತ ಎಂಜಿನಿಯರರು, ಬ್ಯಾಂಕಿನವರು, ಪ್ರಾಧ್ಯಾಪಕರು ನಿಮ್ಮಲ್ಲಿದ್ದಾರೆ. ನಿಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಯ ಮಗಳು ಓದುವ ಶಾಲೆ ನಿಮ್ಮ ಬೀದಿಯ ತುದಿಯಲ್ಲಿದೆ. ವಾರದಲ್ಲಿ ಎರಡು ಗಂಟೆ ಅಲ್ಲಿ ಗಣಿತ ಹೇಳಿಕೊಡಿ, ಓದುವುದನ್ನು ಕೇಳಿಸಿಕೊಳ್ಳಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಿಮ್ಮ ನಗರಕ್ಕೆ ಚುನಾಯಿತ ಪಾಲಿಕೆ ಸದಸ್ಯರೇ ಇಲ್ಲದಂತಾಯಿತು, 2025ರಲ್ಲಿ ಪಾಲಿಕೆಯೇ ಐದಾಯಿತು. ವಾರ್ಡಿನಲ್ಲಿ ಕೇಳುವವರಿಲ್ಲದ ಹೊತ್ತಿನಲ್ಲಿ ಶಾಲೆಗೆ ನೆರೆಹೊರೆಯವರೇ ದಿಕ್ಕು.

ಮಠಗಳ ಪಾತ್ರವೂ ಇದೆ. ನಾವು ಶಾಲೆಗಳನ್ನು ಕಟ್ಟಿದ್ದೇವೆಂದು ಹೆಮ್ಮೆಪಡುತ್ತೇವೆ. ಆ ಶಾಲೆಯ ಬಾಗಿಲಿನಲ್ಲಿ ಬಡವನ ಮಗು ಡೊನೇಷನ್ ಇಲ್ಲದೆ ನಿಲ್ಲುವಂತಾದರೆ ಅದು ಅಂಗಡಿಯೇ ಹೊರತು ಅಕ್ಷರ ದಾಸೋಹವಲ್ಲ. ಸರ್ಕಾರದಿಂದ, ಭಕ್ತರಿಂದ ಪಡೆದ ಪ್ರತಿಯೊಂದು ರೂಪಾಯಿಯ ಲೆಕ್ಕವನ್ನು ಜಾತ್ರೆಯ ದಿನ ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆದು ನಿಲ್ಲಿಸಲಿ. ಪ್ರತಿ ಮಠವೂ ತನ್ನ ನೆರೆಯ ಒಂದು ಸರ್ಕಾರಿ ಶಾಲೆಯನ್ನು ತನ್ನ ಶಾಖಾಮಠವೆಂದು ತಿಳಿದು ನೋಡಿಕೊಳ್ಳಲಿ. ಅದರ ಮೇಲೆ ಮಠದ ಹೆಸರು ಬರೆಯುವುದು ಬೇಡ, ಊರಿನ ಹೆಸರೇ ಇರಲಿ.

ನಂಬಿಕೆಯೆಂಬುದು ಹಾಲಿದ್ದಂತೆ. ಒಂದು ಹನಿ ಹುಳಿ ಬಿದ್ದರೆ ಇಡೀ ಕೊಡ ಒಡೆಯುತ್ತದೆ. ಒಡೆದ ಹಾಲನ್ನು ಯಾರೂ ಕೂಡಿಸಲಾರರು, ಆದರೆ ಮರುದಿನ ಬೆಳಿಗ್ಗೆ ಪಾತ್ರೆಯನ್ನು ಶುದ್ಧವಾಗಿ ಬೆಳಗಿ ಹೊಸ ಹಾಲು ಕರೆಯುವುದಕ್ಕೆ ಅಡ್ಡಿಯಿಲ್ಲ. ಈ ವರ್ಷ ಶಾಲೆ ಆರಂಭವಾಗುವ ದಿನ ನಿಮ್ಮೂರ ಸರ್ಕಾರಿ ಶಾಲೆಯ ಹೊಸ್ತಿಲಿಗೆ ತೋರಣ ಕಟ್ಟಿ, ಗುಡಿಗೆ ಹೋಗುವಾಗಿನ ಭಕ್ತಿಯಿಂದ ಒಳಗೆ ಹೋಗಿ ಬನ್ನಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ‘ನಮ್ಮ ಶಾಲೆಯಲ್ಲಿ ಎಷ್ಟು ಶಿಕ್ಷಕರಿದ್ದಾರೆ ಗೊತ್ತೇ?’ ಎಂಬ ಒಂದೇ ಪ್ರಶ್ನೆ ಕೇಳಿ. ಉತ್ತರ ಗೊತ್ತಿದ್ದವರನ್ನು ಕೂರಿಸಿ ಮಾತನಾಡಿಸಿ.

ನಾಡಿನ ಮಕ್ಕಳೆಲ್ಲರಿಗೂ ವಿದ್ಯೆ, ಆಳುವವರಿಗೆ ಭೃತ್ಯಭಾವ, ಪ್ರಜೆಗಳಿಗೆ ವಿವೇಕ ಲಭಿಸಲೆಂದು ಪರಶಿವನಲ್ಲಿ ಪ್ರಾರ್ಥಿಸುತ್ತೇವೆ. ಸರ್ವರಿಗೂ ಮಂಗಳವಾಗಲಿ.